ಕೆರೆಯ ಗುಣದೋಷ ವಿಚಾರ: ಪೋರುಮಾಮಿಳ್ಳದ ಶಾಸನವೂ ‘ಕೆರೆಗೆ ಹಾರ’ವೂ

೧. ವಿಷಯನಿರ್ದೇಶ

ಕನ್ನಡ ನಾಡಿನ ಬಯಲುಸೀಮೆಯಲ್ಲಿ ನೀರೆಂದರೆ ಬಹುಮಟ್ಟಿಗೆ ಕಟ್ಟಿ ನಿಲ್ಲಿಸಿದ ನೀರು. ಎರಡು ದಿಣ್ಣೆಗಳ ನಡುವಣ ತಗ್ಗಿಗೆ ಮಣ್ಣಿನ ಏರಿಯನ್ನು ಹಾಕಿ, ಮಳೆಗಾಲದಲ್ಲಿ ಹರಿದು ಹೋಗುವುದನ್ನು ಬೇಸಗೆಯವರೆಗೆ ಹಿಡಿದಿಡುವ ವಿದ್ಯೆಯಿಂದಲೇ ಇಲ್ಲಿಯ ಊರುಗಳು ಬಾಳಿವೆ. ಮೈಸೂರು ಸೀಮೆಯ ಮುಖ್ಯ ಇಂಜಿನಿಯರಾಗಿದ್ದ ಮೇಜರ್ ಸ್ಯಾಂಕಿ ಎಂಬವರು, ಈ ಸೀಮೆಯಲ್ಲಿ ಹೊಸದೊಂದು ಕೆರೆಗೆ ತಾಣವನ್ನು ಹುಡುಕಬೇಕಾದರೆ ವಿಶೇಷವಾದ ಜಾಣ್ಮೆಯೇ ಬೇಕಾದೀತೆಂಬ ಅರ್ಥದ ಮಾತನ್ನು ೧೮೬೬ರಲ್ಲಿ ಬರೆದಿದ್ದಾರೆ. ಇಷ್ಟು ಕೆರೆಗಳನ್ನು ಕಟ್ಟಿದ ಜನರು ಕೆರೆಯನ್ನು ಕುರಿತು ಏನನ್ನು ಯೋಚಿಸಿದರು, ಯಾವ ಮಾತುಗಳಲ್ಲಿ ಹೇಳಿದರು ಎಂಬುದು ಇತಿಹಾಸದ ಪ್ರಶ್ನೆಯಾಗಿರುವಂತೆ ಸಾಹಿತ್ಯದ ಪ್ರಶ್ನೆಯೂ ಆಗಿದೆ.

ಈ ವಿಷಯದಲ್ಲಿ ಎರಡು ಕೃತಿಗಳು ವಿಶೇಷ ಗಮನಕ್ಕೆ ಅರ್ಹವಾಗಿವೆ. ಒಂದು, ವಿಜಯನಗರದ ಮೊದಲನೆಯ ಬುಕ್ಕರಾಯನ ಮಗನಾದ ಭಾಸ್ಕರ ಭವದೂರನು ಹಾಕಿಸಿದ, ಶಕವರ್ಷ ೧೨೯೧ರ (ಕ್ರಿ. ಶ. ೧೩೬೯) ಪೋರುಮಾಮಿಳ್ಳದ ಸಂಸ್ಕೃತ ಶಾಸನ. ಮತ್ತೊಂದು, ಉತ್ತರ ಕರ್ನಾಟಕದ ಹೆಂಗಸರ ಬಾಯಲ್ಲಿ ಉಳಿದು ಬಂದ ‘ಕೆರೆಗೆ ಹಾರ’ವೆಂಬ ಕಥನಗೀತ. ಮೊದಲನೆಯದನ್ನು ಇತಿಹಾಸಕಾರರು ವಂಶಾವಳಿಗಾಗಿಯೂ, ಇಂಜಿನಿಯರುಗಳು ತಾಂತ್ರಿಕ ಕುತೂಹಲದಿಂದಲೂ ಓದುವರು. ಎರಡನೆಯದನ್ನು ಪಾಠಶಾಲೆಗಳಲ್ಲಿ ಕರುಣರಸಕ್ಕೆ ಉದಾಹರಣೆಯಾಗಿ ಕಲಿಸುವರು. ಇವೆರಡನ್ನೂ ಒಂದೆಡೆಯಲ್ಲಿಟ್ಟು ಓದುವ ಪದ್ಧತಿಯು ವಿರಳ. ಆದರೆ ಎರಡೂ ಒಂದೇ ಪ್ರಶ್ನೆಗೆ ಎದುರಾಗಿವೆ: ಕೆರೆಯು ಏಕೆ ನಿಲ್ಲುತ್ತದೆ, ಏಕೆ ಕೆಡುತ್ತದೆ? ಕೆಟ್ಟರೆ ಅದರ ಭಾರವು ಯಾರ ತಲೆಯ ಮೇಲೆ ಬೀಳುತ್ತದೆ? ಈ ಪ್ರಶ್ನೆಗೆ ಅವು ಕೊಡುವ ಉತ್ತರಗಳನ್ನು ಹೋಲಿಸಿ, ಎರಡರ ಸಾಹಿತ್ಯಗುಣವನ್ನೂ ನಿರ್ಣಯಿಸುವುದು ಪ್ರಕೃತ ಲೇಖನದ ಉದ್ದೇಶ.

೨. ಶಾಸನದ ದ್ವಾದಶಾಂಗಗಳು

ಪೋರುಮಾಮಿಳ್ಳವು ಇಂದಿನ ಆಂಧ್ರಪ್ರದೇಶದ ಕಡಪಾ ಜಿಲ್ಲೆಯಲ್ಲಿದೆ. ಭಾಸ್ಕರನು ಉದಯಗಿರಿಯಲ್ಲಿದ್ದು ಮೂಡಣ ಪ್ರಾಂತವನ್ನು ಆಳುತ್ತಿದ್ದಾಗ ಅಲ್ಲಿ ಅನಂತರಾಜಸಾಗರವೆಂಬ ಕೆರೆಯನ್ನು ಕಟ್ಟಿಸಿದನು. ಆ ಕೆರೆಯು ಇಂದಿಗೂ ಉಳಿದಿದೆ. ಶಾಸನವನ್ನು, ಮುಂದೆ ಮಹಾಭಾರತದ ಪರಿಷ್ಕರಣದಿಂದ ಪ್ರಸಿದ್ಧರಾದ ಸುಕ್ಥಣಕರರು ‘ಎಪಿಗ್ರಾಫಿಯಾ ಇಂಡಿಕಾ’ದ ೧೪ನೆಯ ಸಂಪುಟದಲ್ಲಿ ಪರಿಷ್ಕರಿಸಿ, ಆಂಗ್ಲಾನುವಾದದೊಡನೆ ಪ್ರಕಟಿಸಿದರು.

ಶಾಸನದಲ್ಲಿ ವಂಶಪ್ರಶಂಸೆಯೂ ಜಲದಾನದ ಮಹಿಮೆಯೂ ವಾಡಿಕೆಯಂತೆಯೇ ಇವೆ. ಅದರ ವೈಶಿಷ್ಟ್ಯವಿರುವುದು ಕೆರೆಯ ಹನ್ನೆರಡು ಸಾಧನಗಳನ್ನೂ ಆರು ದೋಷಗಳನ್ನೂ ಎಣಿಸುವ ಭಾಗದಲ್ಲಿ. ಹನ್ನೆರಡು ಸಾಧನಗಳ ಸಾರ ಹೀಗಿದೆ: ಧರ್ಮಿಷ್ಠನೂ ಧನಿಕನೂ ಸುಖಿಯೂ ಕೀರ್ತಿಯನ್ನು ಬಯಸುವವನೂ ಆದ ರಾಜನು, ಪಾಥಃಶಾಸ್ತ್ರವನ್ನು, ಅಂದರೆ ಜಲಶಾಸ್ತ್ರವನ್ನು ಬಲ್ಲ ಬ್ರಾಹ್ಮಣನು, ಗಟ್ಟಿಯಾದ ಜೇಡಿಮಣ್ಣಿನ ನೆಲ, ಮೂರು ಯೋಜನ ದೂರದಿಂದ ಸಿಹಿನೀರನ್ನು ತರುವ ಹೊಳೆ, ಕೆರೆಗೆ ತಾಗಿ ನಿಂತ ಬೆಟ್ಟ, ಬೆಟ್ಟದ ಭಾಗಗಳ ನಡುವೆ ಒತ್ತಾಗಿ ಕಲ್ಲು ಕಟ್ಟಿದ, ಬಹಳ ಉದ್ದವಲ್ಲದ, ಆದರೆ ದೃಢವಾದ ಏರಿ, ಫಲವತ್ತಾದ ನೆಲಕ್ಕೆ ವಿಮುಖವಾದ ಎರಡು ತುದಿಗಳು, ವಿಸ್ತಾರವೂ ಆಳವೂ ಉಳ್ಳ ಒಡಲು, ನೇರವೂ ನೀಳವೂ ಆದ ಕಲ್ಲುಗಳುಳ್ಳ ಗಣಿ, ಸಮೀಪದಲ್ಲಿ ಸಮತಟ್ಟಾದ ಫಲವತ್ತಾದ ಹೊಲಗದ್ದೆಗಳು, ಬೆಟ್ಟದ ನೆಲೆಯ ದೆಸೆಯಿಂದ ಸುಳಿಗೊಂಡು ಹರಿಯುವ ನೀರಿನ ದಾರಿ, ಎಂದರೆ ತೂಬು, ಕಟ್ಟುವ ಕೆಲಸದಲ್ಲಿ ನುರಿತ ಆಳುಗಳ ತಂಡ.

ಈ ಎಣಿಕೆಯನ್ನು ಕೇವಲ ಪಟ್ಟಿಯೆಂದು ತಳ್ಳಿಹಾಕುವುದು ಸಲ್ಲದು. ಏರಿಯು ಬಹಳ ಉದ್ದವಾಗಿರಬಾರದೆಂಬ ಒಂದು ಮಾತನ್ನೇ ನೋಡಬಹುದು. ಏರಿಯು ಉದ್ದವಾದಷ್ಟೂ ಹೊರಬೇಕಾದ ಮಣ್ಣು ಹೆಚ್ಚು, ನೀರು ಜಿನುಗುವ ಎಡೆಗಳೂ ಹೆಚ್ಚು, ಕಾಯುವ ಕಷ್ಟವೂ ಹೆಚ್ಚು. ಬೆಟ್ಟಗಳೇ ದಡವಾಗಿ ನಿಂತರೆ ಮನುಷ್ಯನು ಕಟ್ಟಬೇಕಾದದ್ದು ನಡುವಣ ಕಂಡಿಗಳನ್ನು ಮಾತ್ರ. ಅದೇ ಶಾಸನವು ಈ ಕೆರೆಯ ಏರಿಯ ಉದ್ದವನ್ನು ೫೦೦೦ ರೇಖಾದಂಡವೆಂದೂ, ಅಗಲವನ್ನು ೮ ಎಂದೂ, ಎತ್ತರವನ್ನು ೭ ಎಂದೂ ಹೇಳುತ್ತದೆ. ‘ಬಹಳ ಉದ್ದವಲ್ಲದ’ ಎಂಬುದಕ್ಕೂ ‘೫೦೦೦ ದಂಡ’ ಎಂಬುದಕ್ಕೂ ವಿರೋಧವಿದೆಯೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಆ ಅಳತೆಯು ಬೆಟ್ಟಗಳನ್ನೂ ಸೇರಿಸಿಕೊಂಡದ್ದು. ಸ್ಥಳದಲ್ಲಿ ನಾಲ್ಕು ಸಹಜವಾದ ಗುಡ್ಡಗಳನ್ನು ಮೂರು ಮಣ್ಣಿನ ಕಟ್ಟೆಗಳು ಒಂದಕ್ಕೊಂದು ಬೆಸೆದಿವೆ. ಆದುದರಿಂದ ವಿರೋಧವು ಆಭಾಸಮಾತ್ರವಾಗಿ, ಲಕ್ಷಣವೂ ಲಕ್ಷ್ಯವೂ ಪರಸ್ಪರ ಹೊಂದಿಕೊಳ್ಳುತ್ತವೆ. ಶಾಸನವನ್ನು ಬರೆದವನು ಬರಿಯ ಗ್ರಂಥಪಂಡಿತನಲ್ಲ, ಇಲ್ಲವೆ ನೆಲವನ್ನು ನೋಡಿದವರ ಮಾತನ್ನು ಕೇಳಿ ಬರೆದವನು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಎರಡು ತುದಿಗಳು ಬೆಳೆಯ ನೆಲಕ್ಕೆ ವಿಮುಖವಾಗಿರಬೇಕೆಂಬ ಮಾತು ಸ್ವಲ್ಪ ಕ್ಲಿಷ್ಟ. ಏರಿಯ ಕೊನೆಗಳು ಕೆರೆಯ ಕಡೆಗೆ ಬಾಗಿ ಎತ್ತರವಾದ ನೆಲದಲ್ಲಿ ಹುದುಗಬೇಕು, ಹಾಗಿಲ್ಲದಿದ್ದರೆ ತುಂಬಿದ ನೀರು ತುದಿಯನ್ನು ಸುತ್ತಿಕೊಂಡು ಗದ್ದೆಗಳ ಮೇಲೆ ಬೀಳುವುದು ಎಂಬ ಅಭಿಪ್ರಾಯವನ್ನು ಇಲ್ಲಿ ಊಹಿಸಬಹುದು. ಹಳೆಯ ಕೆರೆಗಳ ಏರಿಗಳು ಎರಡು ಕೊನೆಗಳಲ್ಲಿಯೂ ಬಿಲ್ಲಿನಂತೆ ಬಾಗಿರುವುದನ್ನು ಕಂಡವರಿಗೆ ಈ ಅರ್ಥವು ಸುಲಭವಾಗಿ ಹೊಳೆಯುವುದು.

ರಾಜನನ್ನು ಮೊದಲಲ್ಲಿಯೂ ಆಳುಗಳನ್ನು ಕೊನೆಯಲ್ಲಿಯೂ ಎಣಿಸಿರುವುದರಿಂದ ಇದು ಮೇಲುಕೀಳುಗಳ ಕ್ರಮವೆಂದು ತಿಳಿಯಬಹುದೆ? ಇಲ್ಲಿ ಅಲಂಕಾರಶಾಸ್ತ್ರದ ಒಂದು ನ್ಯಾಯವು ಸಹಾಯಕ್ಕೆ ಬರುತ್ತದೆ. ಕಾವ್ಯಕ್ಕೆ ಶಕ್ತಿ, ನಿಪುಣತೆ, ಅಭ್ಯಾಸ ಎಂಬ ಮೂರನ್ನೂ ಹೇಳಿದ ಮಮ್ಮಟನು ಅವುಗಳನ್ನು ‘ಹೇತು’ವೆಂದು ಏಕವಚನದಲ್ಲಿ ನಿರ್ದೇಶಿಸಿರುವನು. ಮೂರೂ ಕೂಡಿ ಒಂದೇ ಕಾರಣವೇ ಹೊರತು ಬೇರೆ ಬೇರೆ ಕಾರಣಗಳಲ್ಲವೆಂಬುದು ಅದರ ತಾತ್ಪರ್ಯ. ಕೆರೆಯ ಹನ್ನೆರಡು ಅಂಗಗಳೂ ಹಾಗೆಯೇ. ಧನಿಕನಾದ ರಾಜನಿದ್ದು ಜೇಡಿಮಣ್ಣಿಲ್ಲದಿದ್ದರೆ ಕೆರೆಯಿಲ್ಲ. ಜೇಡಿಮಣ್ಣಿದ್ದು ನುರಿತ ಆಳುಗಳಿಲ್ಲದಿದ್ದರೂ ಕೆರೆಯಿಲ್ಲ. ಹನ್ನೆರಡನೆಯದು ಕೊನೆಯದಾದುದು ಎಣಿಕೆಯಲ್ಲಿ ಮಾತ್ರ, ಕಾರ್ಯಸಾಧನೆಯಲ್ಲಿ ಅಲ್ಲ.

೩. ಆರು ದೋಷಗಳು

ಶಾಸನವು ಹೇಳುವ ದೋಷಗಳು ಇವು: ಏರಿಯಿಂದ ನೀರು ಜಿನುಗುವುದು, ಉಪ್ಪುಮಣ್ಣು, ಎರಡು ರಾಜ್ಯಗಳ ಎಲ್ಲೆಯಲ್ಲಿರುವುದು, ಕೆರೆಯ ನಡುವೆ ಆಮೆಯ ಬೆನ್ನಿನಂತೆ ಎತ್ತರವಾದ ನೆಲ, ನೀರು ಸ್ವಲ್ಪವಾಗಿ ಹರವು ಹೆಚ್ಚಾಗಿರುವುದು, ಹರವು ಸ್ವಲ್ಪವಾಗಿ ನೀರು ಹೆಚ್ಚಾಗಿರುವುದು.

ಆಲಂಕಾರಿಕರು ದೋಷಗಳನ್ನು ನಿತ್ಯವೆಂದೂ ಅನಿತ್ಯವೆಂದೂ ವಿಂಗಡಿಸುವರು. ಎಲ್ಲಿಯೂ ದೋಷವೇ ಆಗಿರುವುದು ನಿತ್ಯ. ಸಂದರ್ಭದಿಂದ ಪರಿಹಾರವಾಗಬಲ್ಲುದು ಅನಿತ್ಯ. ಆ ವಿಭಾಗವನ್ನು ಇಲ್ಲಿ ಅನ್ವಯಿಸಿದರೆ ಶಾಸನದ ವಿವೇಕವು ಸ್ಪಷ್ಟವಾಗುವುದು. ಏರಿಯು ಜಿನುಗಿದರೆ ಜೇಡಿಮಣ್ಣನ್ನು ತುಳಿಸಿ, ಕಲ್ಲನ್ನು ಒತ್ತಾಗಿ ಹೊಂದಿಸಿ ಸರಿಪಡಿಸಬಹುದು, ಅದು ಅನಿತ್ಯ. ಉಪ್ಪುಮಣ್ಣು, ನಡುವಣ ದಿಣ್ಣೆ, ನೀರಿಗೂ ಹರವಿಗೂ ಹೊಂದಿಕೆಯಿಲ್ಲದಿರುವುದು, ಇವು ತಾಣವನ್ನು ಆರಿಸುವಾಗಲೇ ಆದ ತಪ್ಪುಗಳು. ಕಟ್ಟಿದ ಮೇಲೆ ಯಾವ ಪೂಜೆಯಿಂದಲೂ ಯಾವ ದುಡ್ಡಿನಿಂದಲೂ ತೀರುವಂತಹವಲ್ಲ. ಕೊನೆಯ ಎರಡು ದೋಷಗಳಲ್ಲಿ ಒಂದು ಕೆರೆಯನ್ನು ಒಣಗಿಸುವುದು, ಮತ್ತೊಂದು ಒಡೆಯುವುದು. ಎಷ್ಟು ದೂರದ ಮಳೆನೀರು ಈ ತಗ್ಗಿಗೆ ಇಳಿಯುತ್ತದೆ, ಈ ತಗ್ಗು ಎಷ್ಟನ್ನು ಹಿಡಿಯಬಲ್ಲುದು ಎಂಬ ಲೆಕ್ಕವೇ ಈ ವಿದ್ಯೆಯ ಮೂಲವೆಂಬುದನ್ನು ಶಾಸನವು ಎರಡು ಪದಗುಚ್ಛಗಳಲ್ಲಿ ಅಡಗಿಸಿದೆ.

ಮೂರನೆಯದು ಮಣ್ಣಿನ ದೋಷವಲ್ಲ, ಮನುಷ್ಯರ ದೋಷ. ಎರಡು ರಾಜ್ಯಗಳ ನಡುವಣ ನೀರು ಎಷ್ಟೇ ತುಂಬಿದರೂ ನೆಮ್ಮದಿಯನ್ನು ಕೊಡದೆಂಬುದಕ್ಕೆ, ೧೮೯೨ ಮತ್ತು ೧೯೨೪ರ ಒಪ್ಪಂದಗಳಿಂದ ಮೊದಲ್ಗೊಂಡು ೨೦೧೮ರ ಸುಪ್ರೀಂ ಕೋರ್ಟಿನ ತೀರ್ಪಿನವರೆಗೆ ನಡೆದು ಬಂದ ಕಾವೇರಿಯ ವ್ಯಾಜ್ಯವೇ ಸಾಕಾದ ಭಾಷ್ಯ. ಜೇಡಿಮಣ್ಣನ್ನೂ ರಾಜಕಾರಣವನ್ನೂ ಒಂದೇ ಸಾಲಿನಲ್ಲಿ ಎಣಿಸಿದ ಬುದ್ಧಿಯು ಸಾಮಾನ್ಯವಾದುದಲ್ಲ.

೪. ಶಾಸನದ ನ್ಯೂನತೆಗಳು

ಗುಣವನ್ನು ಹೇಳಿದ ಮೇಲೆ ನ್ಯೂನತೆಯನ್ನೂ ಹೇಳುವುದು ವಿಮರ್ಶಾಧರ್ಮ. ಹೆಚ್ಚಾದ ನೀರು ಹೊರಹೋಗುವ ಕೋಡಿಯನ್ನು ಶಾಸನವು ಹನ್ನೆರಡರಲ್ಲಿ ಪ್ರತ್ಯೇಕ ಅಂಗವಾಗಿ ಎಣಿಸಿಲ್ಲ. ಕ್ರಿ. ಶ. ಆರನೆಯ ಶತಮಾನದ ವರಾಹಮಿಹಿರನಾದರೋ ಬೃಹತ್ಸಂಹಿತೆಯ ದಕಾರ್ಗಲಾಧ್ಯಾಯದಲ್ಲಿ, ಅಂತರ್ಜಲವನ್ನು ಕಂಡುಹಿಡಿಯುವ ಬಗೆಯನ್ನು ವಿಸ್ತಾರವಾಗಿ ಹೇಳಿದ ಮೇಲೆ, ಕೆರೆಯ ಏರಿಯ ವಿಷಯಕ್ಕೆ ಬಂದು, ಒಂದು ಪಕ್ಕದಲ್ಲಿ ಕಲ್ಲುಹಾಸಿದ ನೀರುದಾರಿಯನ್ನು ಬಿಡಬೇಕೆಂದು ವಿಧಿಸಿರುವನು. ಮೂಡುಪಡುವಾಗಿ ಉದ್ದವಾದ ಕೆರೆಯು ನೀರನ್ನು ಬಹುಕಾಲ ಹಿಡಿಯುವುದೆಂದೂ, ತೆಂಕುಬಡಗಾಗಿ ಉದ್ದವಾದುದು ಗಾಳಿಯೆಬ್ಬಿಸಿದ ಅಲೆಗಳಿಂದ ಕೊರೆದುಹೋಗುವುದೆಂದೂ, ಏರಿಯ ಮಣ್ಣನ್ನು ಆನೆಕುದುರೆಗಳಿಂದ ತುಳಿಸಬೇಕೆಂದೂ, ದಡದಲ್ಲಿ ಮತ್ತಿ, ಆಲ, ಮಾವು, ಕದಂಬ, ನೇರಳೆ ಮುಂತಾದ ಮರಗಳನ್ನು ನೆಡಬೇಕೆಂದೂ ಅವನ ಮತ. ಶಾಸನಕಾರನಿಗೆ ಈ ಪರಂಪರೆಯು ತಿಳಿದಿರಲಾರದೆನ್ನುವಂತಿಲ್ಲ. ಆದರೂ ಕೋಡಿಯು ಅವನ ಎಣಿಕೆಯಿಂದ ಬಿಟ್ಟುಹೋಗಿದೆ.

ಇದಕ್ಕಿಂತಲೂ ದೊಡ್ಡ ನ್ಯೂನತೆಯೊಂದುಂಟು. ಶಾಸನವು ಕೆರೆಯ ಹುಟ್ಟನ್ನು ಚಿಂತಿಸಿದೆ, ಮುಪ್ಪನ್ನು ಚಿಂತಿಸಿಲ್ಲ. ಕೆರೆಯ ಮುಪ್ಪೆಂದರೆ ಹೂಳು. ಹರಿದು ಬರುವ ನೀರು ಪ್ರತಿವರ್ಷವೂ ಮಣ್ಣನ್ನು ತರುವುದು, ಒಡಲು ತುಂಬುವುದು, ಕಡೆಗೆ ‘ಹರವು ಸ್ವಲ್ಪ, ನೀರು ಹೆಚ್ಚು’ ಎಂಬ ಆರನೆಯ ದೋಷವು, ಮೊದಲಿಲ್ಲದಿದ್ದ ಕೆರೆಗೂ ತಾನಾಗಿಯೇ ಬರುವುದು. ಈ ಕೊರತೆಯನ್ನು ತುಂಬಿರುವುವು ಕನ್ನಡ ನಾಡಿನ ನೂರಾರು ಸಣ್ಣ ಶಾಸನಗಳು. ಅವುಗಳಲ್ಲಿ ಬರುವ ಬಿತ್ತುವಟ್ಟ, ಕಟ್ಟುಕೊಡಗೆ, ಕೆರೆಗೊಡಗೆ ಎಂಬ ಮಾತುಗಳು ಕೆರೆಯನ್ನು ಕಟ್ಟಿದವನಿಗೂ ಕಾಪಾಡುವವನಿಗೂ ಬಿಟ್ಟ ಭೂಮಿ ಇಲ್ಲವೆ ಆದಾಯವನ್ನು ಹೇಳುತ್ತವೆ. ಹೂಳನ್ನು ಹೊರುವ ಬಂಡಿಗಾಗಿ ಬಿಟ್ಟ ದತ್ತಿಗಳೂ ಉಂಟು. ಕೌಟಿಲ್ಯನ ಅರ್ಥಶಾಸ್ತ್ರವನ್ನು ೧೯೦೯ರಲ್ಲಿ ಮೈಸೂರಿನಿಂದ ಶಾಮಶಾಸ್ತ್ರಿಗಳು ಮೊದಲು ಅಚ್ಚು ಹಾಕಿಸಿದಂದಿನಿಂದ ಮತ್ತೊಂದು ಪ್ರಮಾಣವೂ ದೊರಕಿದೆ. ಅದರ ಪ್ರಕಾರ ಹೊಸದಾಗಿ ಕೆರೆಕಟ್ಟೆಗಳನ್ನು ಕಟ್ಟಿದವರಿಗೆ ಐದು ವರ್ಷ, ಪಾಳುಬಿದ್ದುದನ್ನು ಸರಿಪಡಿಸಿದವರಿಗೆ ನಾಲ್ಕು ವರ್ಷ, ಗಿಡಗಂಟಿ ಬೆಳೆದುದನ್ನು ತೆರವು ಮಾಡಿದವರಿಗೆ ಮೂರು ವರ್ಷ ತೆರಿಗೆಯ ವಿನಾಯಿತಿ. ಕಟ್ಟುವುದಕ್ಕೂ ಉಳಿಸುವುದಕ್ಕೂ ನಡುವಣ ಅಂತರವನ್ನು ಕೌಟಿಲ್ಯನು ಒಂದೊಂದು ವರ್ಷವೆಂದು ಅಳೆದನು. ಉಳಿಸುವವನೂ ಬಹುಮಟ್ಟಿಗೆ ಕಟ್ಟಿದವನೇ ಎಂಬುದು ಅದರ ಧ್ವನಿ.

ಇನ್ನು ಕಾವ್ಯದೃಷ್ಟಿಯಿಂದ ನೋಡಿದರೆ, ಶಾಸನದ ಪ್ರಶಸ್ತಿಭಾಗಕ್ಕಿಂತ ಎಣಿಕೆಯ ಭಾಗವೇ ಮೇಲು. ಪ್ರಶಸ್ತಿಯಲ್ಲಿರುವುದು ಯಾವ ರಾಜನಿಗೂ ಒಪ್ಪುವ ಮಾತು. ಎಣಿಕೆಯಲ್ಲಿರುವುದು ಈ ನೆಲಕ್ಕೆ ಮಾತ್ರ ಒಪ್ಪುವ ಮಾತು. ಶಾಸ್ತ್ರವು ನಿರಲಂಕಾರವಾಗಿದ್ದುದರಿಂದಲೇ ಇಲ್ಲಿ ಸ್ವಭಾವೋಕ್ತಿಯಾಯಿತು.

೫. ‘ಕೆರೆಗೆ ಹಾರ’

ಗೀತದ ಕಥೆಯು ಸುಪ್ರಸಿದ್ಧ. ಕಲ್ಲನಕೇರಿಯ ಮಲ್ಲನಗೌಡನು ಕೆರೆಯನ್ನು ಕಟ್ಟಿಸಿದನು. ಹನಿ ನೀರೂ ಬರಲಿಲ್ಲ. ಹೊತ್ತಿಗೆಯನ್ನು ತೆಗೆಸಿ ಕೇಳಿದಾಗ ಸೊಸೆಯನ್ನು ಹಾರವಾಗಿ ಕೊಡಬೇಕೆಂದು ಬಂದಿತು. ಹಿರಿಯ ಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರು ಎಂದು ಯೋಚಿಸಿ, ಕಿರಿಯಳಾದ ಭಾಗೀರಥಿಯನ್ನು ಗೊತ್ತುಮಾಡಿದರು. ಆಕೆ ತವರಿಗೆ ಹೋಗಿ ತಂದೆತಾಯಿ ಒಡಹುಟ್ಟಿದವಳ ಮುಂದೆ ನಿಜವನ್ನಾಡದೆ, ಗೆಳತಿಯೊಬ್ಬಳ ಮುಂದೆ ಮಾತ್ರ ಆಡಿದಳು. ಮರಳಿ ಬಂದು ಅಡಿಗೆ ಸ್ನಾನಾದಿಗಳನ್ನು ಮುಗಿಸಿ ಎಲ್ಲರೊಡನೆ ಗಂಗೆಯ ಪೂಜೆಗೆ ಹೋದಳು. ಪೂಜೆ ಮುಗಿಸಿ ಹಿಂದಿರುಗುವಾಗ ಬಂಗಾರದ ಬಟ್ಟಲು ಮರೆತುಬಂದಿತೆಂದು ಆಕೆಯನ್ನು ಹಿಂದಕ್ಕೆ ಕಳುಹಿದರು. ಮೆಟ್ಟಿಲು ಮೆಟ್ಟಿಲಿಗೂ ನೀರು ಏರಿ ಕೆರೆ ತುಂಬಿತು. ದಂಡಿನಲ್ಲಿದ್ದ ಗಂಡ ಮಾದೇವರಾಯನು ಕೆಟ್ಟ ಕನಸನ್ನು ಕಂಡು ಓಡಿಬಂದು, ನಿಜವನ್ನು ತಿಳಿದು, ಅದೇ ಕೆರೆಗೆ ಹಾರಿದನು. ಪಾಠಭೇದಗಳಿದ್ದರೂ ಕಥೆಯ ಮೈಕಟ್ಟು ಇದು.

ಇಲ್ಲಿ ಪೂರ್ವಪಕ್ಷಗಳು ಎರಡು. ಗೀತವು ಆತ್ಮಾರ್ಪಣವನ್ನು ಕೊಂಡಾಡುತ್ತದೆ, ಊರಿಗಾಗಿ ಪ್ರಾಣವನ್ನು ಕೊಟ್ಟ ಸತಿಯು ಇಲ್ಲಿಯ ಆದರ್ಶ ಎಂಬುದು ಒಂದು. ಇದು ಮೂಢನಂಬಿಕೆಯ ಪಳೆಯುಳಿಕೆ, ಮಕ್ಕಳಿಗೆ ಕಲಿಸಲು ಯೋಗ್ಯವಲ್ಲ ಎಂಬುದು ಮತ್ತೊಂದು. ಎರಡೂ ಗೀತದ ಕಥೆಯನ್ನು ಓದಿವೆ, ಕಟ್ಟಡವನ್ನು ಓದಿಲ್ಲ.

ಕಟ್ಟಡವನ್ನು ಗಮನಿಸಿದರೆ ನಾಲ್ಕು ಸಂಗತಿಗಳು ಕಾಣುತ್ತವೆ. ಮೊದಲನೆಯದು, ಆಯ್ಕೆಯ ಕಾರಣ. ಭಾಗೀರಥಿಯನ್ನು ಆರಿಸಿದ್ದು ಆಕೆಯ ಪುಣ್ಯಕ್ಕಾಗಿ ಅಲ್ಲ, ಮನೆಯ ಅನುಕೂಲಕ್ಕಾಗಿ. ಹಾಡು ಇದನ್ನು ಮುಚ್ಚಿಡದೆ, ಮನೆಯವರ ಬಾಯಿಂದಲೇ ಆಡಿಸುತ್ತದೆ. ಎರಡನೆಯದು, ತವರಿನ ಪ್ರಸಂಗ. ತಾನು ಅಳುವುದಕ್ಕೆ ಬೇರೊಂದು ನೆಪವನ್ನು ಹೇಳಿದ ಮಗಳಿಗೆ ತಂದೆಯು ಹೊಲಮನೆಯನ್ನೂ ತಾಯಿಯು ಒಡವೆಯನ್ನೂ ಕೊಡುವೆನೆನ್ನುವರು. ಕೊಡುವ ವಸ್ತುಗಳೆಲ್ಲ ಇವೆ, ಕೇಳುವ ಕಿವಿಯಿಲ್ಲ. ಮೂರನೆಯದು, ಮರೆತ ಬಟ್ಟಲು. ಶಾಸ್ತ್ರೋಕ್ತವಾದ ಬಲಿಯಾಗಿದ್ದರೆ ಎಲ್ಲರೆದುರಿನಲ್ಲಿ ನಡೆಯಬೇಕಾಗಿತ್ತು. ಇಲ್ಲಿ ಹಿರಿಯರೆಲ್ಲರೂ ಬೆನ್ನು ತಿರುಗಿಸಿ ನಡೆದ ಮೇಲೆ, ಒಬ್ಬಳನ್ನು ಒಂದು ಬಟ್ಟಲಿನ ನೆಪದಿಂದ ಹಿಂದಕ್ಕೆ ಕಳುಹಲಾಗಿದೆ. ಕೊಂದವರು ನೋಡಲಾರದ ಕೊಲೆಯನ್ನು ಹಾಡು ಮಾತ್ರ ನಿಂತು ನೋಡುತ್ತದೆ. ನಾಲ್ಕನೆಯದು, ಗಂಡನ ಹಾರಿಕೆ. ಹೊತ್ತಿಗೆಯು ಕೇಳಿದ್ದು ಒಬ್ಬಳನ್ನು. ಕೆರೆಗೆ ಹೋದವರು ಇಬ್ಬರು. ಎರಡನೆಯ ಪ್ರಾಣವನ್ನು ಯಾವ ಹೊತ್ತಿಗೆಯೂ ಕೇಳಿರಲಿಲ್ಲ. ಹಾಡು ಅಲ್ಲಿಗೇ ನಿಲ್ಲುತ್ತದೆ; ತುಂಬಿದ ಕೆರೆಯಿಂದ ಬೆಳೆದ ಭತ್ತದ ಮಾತನ್ನೆತ್ತುವುದಿಲ್ಲ. ಬಲಿಯನ್ನು ಕೊಂಡಾಡುವ ಕೃತಿಯು ಫಲಶ್ರುತಿಯನ್ನು ಬಿಡುವುದುಂಟೆ? ಫಲಶ್ರುತಿಯಿಲ್ಲದಿರುವುದೇ ಈ ಕೃತಿಯ ತೀರ್ಪು.

೬. ಎರಡು ಹೊತ್ತಿಗೆಗಳು

ಈಗ ಶಾಸನದ ಲಕ್ಷಣಗಳಿಂದ ಮಲ್ಲನಗೌಡನ ಕೆರೆಯನ್ನು ಪರೀಕ್ಷಿಸಬಹುದು. ಕಟ್ಟಿದ ಕೆರೆಗೆ ನೀರು ಬಾರದಿರುವುದು ಐದನೆಯ ದೋಷದ ಸ್ಪಷ್ಟವಾದ ಕುರುಹು: ಹರವು ಇದೆ, ಒಳಹರಿವು ಇಲ್ಲ. ಗೌಡನಿಗೆ ಧನವಿತ್ತು, ಆಳುಗಳೂ ದೊರೆತಿದ್ದರು. ಎರಡನೆಯ ಅಂಗವಾದ ಜಲಶಾಸ್ತ್ರಜ್ಞನು ಮಾತ್ರ ಕಥೆಯಲ್ಲಿ ಎಲ್ಲಿಯೂ ಕಾಣುವುದಿಲ್ಲ. ಅವನ ಸ್ಥಾನದಲ್ಲಿ ಹೊತ್ತಿಗೆಯನ್ನು ಬಿಚ್ಚುವವನು ಕುಳಿತಿದ್ದಾನೆ. ಇಬ್ಬರೂ ಗ್ರಂಥವನ್ನು ನೋಡಿಯೇ ಹೇಳುವವರು. ಒಬ್ಬನ ಗ್ರಂಥವು ತಾಣವು ಸರಿಯಲ್ಲವೆನ್ನುವುದು. ಮತ್ತೊಬ್ಬನದು ಸೊಸೆಯನ್ನು ಕೊಡೆನ್ನುವುದು. ತಾಣದ ತಪ್ಪನ್ನು ಒಪ್ಪಿಕೊಂಡರೆ ಅದು ಕಟ್ಟಿಸಿದವನ ತಪ್ಪಾಗುತ್ತದೆ. ದೇವತೆಯ ಮುನಿಸೆಂದರೆ ಮನೆಯಲ್ಲಿ ಎಲ್ಲರಿಗಿಂತ ಕಿರಿಯಳ ತಲೆಯ ಮೇಲೆ ಹೋಗುತ್ತದೆ. ಕೆರೆಯ ದೋಷವು ಹೆಣ್ಣಿನ ಋಣವಾಗಿ ಮಾರ್ಪಡುವುದು ಹೀಗೆ. ಗೀತದ ಹೆಂಗಸರಿಗೆ ಪಾಥಃಶಾಸ್ತ್ರವು ತಿಳಿದಿತ್ತೆಂದು ಹೇಳಬೇಕಾಗಿಲ್ಲ. ಭಾರವು ಎಲ್ಲಿಂದ ಎಲ್ಲಿಗೆ ಇಳಿಯಿತೆಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು.

ಇದೆಲ್ಲವೂ ಹಾಡಿನ ಕಲ್ಪನೆಯೆಂದು ಹೇಳುವಂತಿಲ್ಲ. ಸುಮಾರು ೧೫೨೦ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸನಾದ ಡೊಮಿಂಗೊ ಪಾಯೆಸನು, ಕೃಷ್ಣದೇವರಾಯನು ಕಟ್ಟಿಸುತ್ತಿದ್ದ ದೊಡ್ಡ ಕೆರೆಯೊಂದನ್ನು ವರ್ಣಿಸಿರುವನು. ಹದಿನೈದು ಇಪ್ಪತ್ತು ಸಾವಿರ ಜನರು ಇರುವೆಗಳಂತೆ ಕೆಲಸ ಮಾಡುತ್ತಿದ್ದರೆಂದೂ, ಕೆರೆಯು ಎರಡು ಮೂರು ಸಲ ಒಡೆಯಿತೆಂದೂ, ದೇವತೆಯು ರಕ್ತವನ್ನು ಕೇಳುವಳೆಂದು ತಿಳಿದು ಅರವತ್ತು ಮನುಷ್ಯರನ್ನೂ ಕೆಲವು ಕುದುರೆ ಕೋಣಗಳನ್ನೂ ಗುಡಿಯ ಬಾಗಿಲಲ್ಲಿ ಕಡಿಸಲಾಯಿತೆಂದೂ ಅವನ ಬರವಣಿಗೆ. ಕೆಲವು ವರ್ಷಗಳ ಅನಂತರ ಬರೆದ ನೂನಿಜನು, ಕಡಿಸಲ್ಪಟ್ಟವರು ಮರಣದಂಡನೆಗೆ ಗುರಿಯಾದ ಕೈದಿಗಳೆನ್ನುವನು. ಕೆಲಸಕ್ಕೆ ನೆರವಾದ ಜೊವಾಂವ್ ದೆಲಾ ಪೋಂಟೆ ಎಂಬ ಪೋರ್ಚುಗೀಸ್ ಕಲ್ಲುಕೆಲಸದವನನ್ನೂ ಹೆಸರಿಸುವನು. ಪರದೇಶಿಗಳ ಮಾತನ್ನು ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ಒಡೆದ ಏರಿಗೆ ಕಲ್ಲುಕುಟಿಗನನ್ನೂ ಕತ್ತಿಯನ್ನೂ ಒಟ್ಟಿಗೆ ಕರೆದ ಕಾಲವೊಂದಿತ್ತೆಂಬುದನ್ನು ತಳ್ಳಿಹಾಕುವುದು ಕಷ್ಟ. ಅದೇ ಕೃಷ್ಣದೇವರಾಯನು ತನ್ನ ತೆಲುಗು ಕಾವ್ಯವಾದ ಆಮುಕ್ತಮಾಲ್ಯದದ ರಾಜನೀತಿಯ ಭಾಗದಲ್ಲಿ, ನೆಲವು ಚಿಕ್ಕದಾಗಿದ್ದರೂ ಕೆರೆಕಾಲುವೆಗಳನ್ನು ತೋಡಿಸಿ ಬಡವರಿಗೆ ತೆರಿಗೆಯನ್ನು ಇಳಿಸಿದರೆ ಅರ್ಥವೂ ಧರ್ಮವೂ ಬೆಳೆಯುವುವೆಂದು ಹೇಳಿರುವನು. ನೀತಿಯ ಪದ್ಯದಲ್ಲಿ ರಕ್ತದ ಮಾತಿಲ್ಲ. ಪದ್ಯವು ಬಿಟ್ಟುದನ್ನು ಪ್ರವಾಸಿಯ ಗದ್ಯವೂ ಹೆಂಗಸರ ಹಾಡೂ ಉಳಿಸಿಕೊಂಡಿವೆ.

ಪೋರುಮಾಮಿಳ್ಳದ ಶಾಸನದ ನಿಜವಾದ ಹಿರಿಮೆಯು ಈ ಹಿನ್ನೆಲೆಯಲ್ಲಿ ಕಾಣುವುದು. ಕೆರೆಯು ಸಿದ್ಧಿಸಿದ ಬಗೆಯನ್ನು ಹೇಳುವಾಗ ಅದು ಪ್ರಾಣವನ್ನು ಎಣಿಸುವುದಿಲ್ಲ, ಕೆಲಸವನ್ನು ಎಣಿಸುತ್ತದೆ. ದಿನವೂ ಸಾವಿರ ಆಳುಗಳು, ಕಲ್ಲು ಹೊರುವ ನೂರು ಬಂಡಿಗಳು, ಎರಡು ವರ್ಷ. ಬಿಡುವಿನ ದಿನಗಳನ್ನು ಕಳೆಯದೆ ಲೆಕ್ಕ ಹಾಕಿದರೆ ಏಳು ಲಕ್ಷದ ಮೂವತ್ತು ಸಾವಿರ ಆಳುದಿನಗಳಾಗುತ್ತವೆ. ಕೆರೆಯು ತುಂಬುವುದು ಇದರಿಂದ ಎಂದು ಶಾಸನವು ಕಲ್ಲಿನ ಮೇಲೆ ಬರೆಸಿದೆ.

ಆದರೆ ಆ ಸಾವಿರ ಮಂದಿಯಲ್ಲಿ ಒಬ್ಬರ ಹೆಸರೂ ಅಲ್ಲಿಲ್ಲ. ಸಾವಿರವೆಂಬುದು ಸಂಖ್ಯೆ, ಮುಖವಲ್ಲ. ಗೀತದಲ್ಲಾದರೋ ಮಣ್ಣು ಹೊತ್ತವರ ಎಣಿಕೆಯೂ ಇಲ್ಲ, ಹೊಳೆಬೆಟ್ಟಗಳ ವಿಚಾರವೂ ಇಲ್ಲ. ಭಾಗೀರಥಿಯೆಂಬ ಒಂದು ಹೆಸರಿದೆ, ಆಕೆಯ ಹೆಜ್ಜೆಹೆಜ್ಜೆಯ ಲೆಕ್ಕವಿದೆ. ಶಾಸನದ ಕೊರತೆಯೇ ಹಾಡಿನ ಗುಣ. ಹಾಡಿನ ಕೊರತೆಯೇ ಶಾಸನದ ಗುಣ. ಒಂದನ್ನು ಮಾತ್ರ ಓದಿದವನಿಗೆ ಕೆರೆಯು ಅರ್ಧವೇ ತಿಳಿಯುವುದು.

೭. ಉಪಸಂಹಾರ

ಈ ವಿಚಾರದಿಂದ ಪಾಠಪ್ರವಚನಕ್ಕೆ ಒದಗುವ ಫಲವು ಅಲ್ಪವಲ್ಲ. ‘ಕೆರೆಗೆ ಹಾರ’ವನ್ನು ಕಲಿಸುವಾಗ ಕಣ್ಣೀರಿನಲ್ಲಿಯೇ ನಿಲ್ಲದೆ, ಕೆರೆಗೆ ನೀರೇಕೆ ಬರಲಿಲ್ಲವೆಂಬ ಪ್ರಶ್ನೆಯನ್ನು ಮೊದಲು ಕೇಳಬೇಕು. ಪೋರುಮಾಮಿಳ್ಳದ ಶಾಸನವನ್ನು ಓದಿಸುವಾಗ ಹನ್ನೆರಡನೆಯ ಅಂಗದಲ್ಲಿ ಸ್ವಲ್ಪ ಹೊತ್ತು ನಿಂತು, ಅವರು ಯಾರೆಂಬ ಪ್ರಶ್ನೆಯನ್ನು ಕೇಳಬೇಕು. ಸಾಧ್ಯವಾದರೆ ಶಿಷ್ಯರನ್ನು ಕೆರೆಯ ಏರಿಯ ಮೇಲಕ್ಕೆ ಕರೆದೊಯ್ಯುವುದು ಇನ್ನೂ ಉತ್ತಮ. ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಲ್ಲಿ, ಅಂದರೆ ಶಾಂತಿಸಾಗರದಲ್ಲಿ, ಎರಡು ಗುಡ್ಡಗಳ ನಡುವಣ ಏರಿಯು ಸುಮಾರು ೯೫೦ ಅಡಿ ಮಾತ್ರ. ಅದು ಹಿಡಿದಿರುವ ನೀರಾದರೋ ಕಣ್ಣು ಹಾಯುವವರೆಗೆ ಹರಡಿದೆ. ಶಾಸನದ ಆರನೆಯ ಅಂಗವನ್ನೂ ಎಂಟನೆಯ ಅಂಗವನ್ನೂ ಅಲ್ಲಿ ನಿಂತು ಹೇಳಿದರೆ ವ್ಯಾಖ್ಯಾನವೇ ಬೇಡ. ಆ ಕೆರೆಗೂ ಶಾಂತವ್ವನೆಂಬ ಹೆಣ್ಣಿನ ಐತಿಹ್ಯವು ಹೆಣೆದುಕೊಂಡಿದೆ ಎಂಬುದನ್ನೂ ಅಲ್ಲಿಯೇ ಹೇಳಬೇಕು. ಏರಿಯು ಅಷ್ಟು ಗಟ್ಟಿಯಾಗಿ ನಿಂತ ಕಡೆಯಲ್ಲಿಯೂ ಜನರು ಒಬ್ಬಳ ಹೆಸರನ್ನು ಮರೆಯಲೊಪ್ಪಲಿಲ್ಲ.

ಗುಣದೋಷಗಳ ಅರಿವಿಲ್ಲದೆ ಕಟ್ಟಿದ ಕೆರೆಯು ಒಣಗುತ್ತದೆ ಇಲ್ಲವೆ ಒಡೆಯುತ್ತದೆ. ಆಗ ಅದರ ಬೆಲೆಯನ್ನು ತೆರುವವನು ಕಟ್ಟಿಸಿದವನಲ್ಲ. ಶಾಸನವು ಹೇಳಿದ ಶಾಸ್ತ್ರದ ಪ್ರಯೋಜನವು ಬೆಳೆಯೊಂದೇ ಅಲ್ಲ; ಭಾಗೀರಥಿಯು ಮನೆಯಲ್ಲಿ ಉಳಿಯುವುದೂ ಆ ಶಾಸ್ತ್ರದ ಪ್ರಯೋಜನವೇ. ಹಾಡಿನ ಪ್ರಯೋಜನವು, ಆಕೆ ಉಳಿಯದೆ ಹೋದಳೆಂಬುದನ್ನು ತುಂಬಿದ ಕೆರೆಯ ಮುಂದೆಯೂ ಮರೆಯಗೊಡದಿರುವುದು.